ಹೊಸ ಬೋಧನಾ ವಿಧಾನಗಳಿಂದ ಪದವಿ ಶಿಕ್ಷಣದ ಗುಣಮಟ್ಟ ನಿಜವಾಗಿ ಹೆಚ್ಚುತ್ತದೆಯೇ?

ಪ್ರಶ್ನೆ – ಅರ್ಥಶಾಸ್ತ್ರ ಉಪನ್ಯಾಸಕಿ, ಮಡಿಕೇರಿ

ಪಾಠವನ್ನು ವಿಡಿಯೊ ಮಾಡಿ ಮೊದಲೇ ಕಳುಹಿಸಿ, ತರಗತಿಯ ಸಮಯವನ್ನು ಚರ್ಚೆಗೆ ಉಳಿಸಿಕೊಳ್ಳಿ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಭಾಗಮಂಡಲ, ನಾಪೋಕ್ಲು ಕಡೆಯ ವಿದ್ಯಾರ್ಥಿಗಳಿಗೆ ನೆಟ್‌ವರ್ಕ್ ಸಿಗುವುದೇ ಕಷ್ಟ. ವಿಡಿಯೊ ನೋಡಿದವರು, ನೋಡದವರು ಎಂದು ತರಗತಿಯೇ ಎರಡಾಗುತ್ತದೆ. ಹೊಸ ವಿಧಾನಗಳಿಂದ ಕಲಿಕೆ ಸುಧಾರಿಸುತ್ತದೆ ಎನ್ನಲು ಗಟ್ಟಿಯಾದ ಆಧಾರವಿದೆಯೇ? ನಮ್ಮ ಪರಿಸ್ಥಿತಿಗೆ ಯಾವುದು ಹೊಂದುತ್ತದೆ?

ಉತ್ತರ – ಭೌತಶಾಸ್ತ್ರ ಉಪನ್ಯಾಸಕ, ಕುಶಾಲನಗರ

ಆಧಾರವಿದೆ ಮೇಡಂ. ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಸುಮಾರು ಶೇ 34ರಷ್ಟು ವಿದ್ಯಾರ್ಥಿಗಳು ಅನುತ್ತೀರ್ಣರಾದರೆ, ತಾವೇ ಯೋಚಿಸಿ ಚರ್ಚಿಸುವ ತರಗತಿಗಳಲ್ಲಿ ಆ ಪ್ರಮಾಣ ಸುಮಾರು ಶೇ 22ಕ್ಕೆ ಇಳಿದಿತ್ತು. ಇಲ್ಲಿ ಫಲ ಕೊಟ್ಟದ್ದು ವಿದ್ಯಾರ್ಥಿ ತರಗತಿಯಲ್ಲಿ ಏನು ಮಾಡುತ್ತಾನೆ ಎಂಬುದೇ. ಅದಕ್ಕೆ ವಿಡಿಯೊ ಇರಲೇಬೇಕೆಂದಿಲ್ಲ.

ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1991ರಲ್ಲಿ ಆರಂಭಿಸಿದ ಸಹಪಾಠಿ ಬೋಧನೆಗೆ ನೆಟ್‌ವರ್ಕ್ ಬೇಕಿಲ್ಲ. ಪರಿಕಲ್ಪನೆಯನ್ನು ಪರೀಕ್ಷಿಸುವ ಒಂದು ಪ್ರಶ್ನೆ ಕೇಳಿ, ಪ್ರತಿಯೊಬ್ಬರೂ ಮೊದಲು ಒಬ್ಬರೇ ಉತ್ತರ ಆರಿಸಲಿ. ಉತ್ತರಗಳು ಹಂಚಿಹೋದರೆ ಪಕ್ಕದವರೊಂದಿಗೆ ವಾದಿಸಿ ಮತ್ತೊಮ್ಮೆ ಆರಿಸಲಿ. ಆಮೇಲೆ ನೀವು ವಿವರಿಸಿ. ಕೈ ಎತ್ತಿಸಿದರೂ ಸಾಕು, ಅಕ್ಷರ ಬರೆದ ರಟ್ಟಿನ ಚೀಟಿಗಳಾದರೆ ಇನ್ನೂ ಒಳ್ಳೆಯದು. ನಿಮ್ಮ ವಿಷಯಕ್ಕೆ ಒಂದು ಪ್ರಶ್ನೆ: 2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಕಡುಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಅರೇಬಿಕಾ ಕಾಫಿ ತೋಟಗಳು ಹಾನಿಗೊಂಡಾಗ, ಕೊಡಗಿನ ರೊಬಸ್ಟಾ ಕಾಫಿಯ ಬೇಡಿಕೆ ಯಾವ ಕಡೆ ಸರಿಯಬೇಕು, ಏಕೆ? ಬದಲಿ ಸರಕಿನ, ಅಂದರೆ ಒಂದರ ಜಾಗದಲ್ಲಿ ಕೊಳ್ಳಬಹುದಾದ ಇನ್ನೊಂದು ಸರಕಿನ, ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಉತ್ತರ – ಬಿ.ಕಾಂ. ವಿದ್ಯಾರ್ಥಿನಿ, ವಿರಾಜಪೇಟೆ

ಸರ್, ನೀವು ಹೇಳಿದಂಥ ಚರ್ಚೆ ನಮಗೂ ಇಷ್ಟ. ಆದರೆ ಸೆಮಿಸ್ಟರ್ ಪರೀಕ್ಷೆಯಲ್ಲಿ ‘ವ್ಯಾಖ್ಯಾನಿಸಿ’, ‘ಲಕ್ಷಣಗಳನ್ನು ಬರೆಯಿರಿ’ ಎಂದೇ ಕೇಳುವಾಗ, ಚರ್ಚೆಗೆ ಹೋದ ಸಮಯ ನೋಟ್ಸಿಗೆ ಸಿಗಲಿಲ್ಲವಲ್ಲ ಎಂಬ ಆತಂಕ ನಮ್ಮಲ್ಲಿ ಬಹಳ ಜನರಿಗಿದೆ. ಚರ್ಚೆಯ ದಿನ ಏನೂ ಕಲಿಯಲಿಲ್ಲವೇನೋ ಎಂದೂ ಅನಿಸುತ್ತದೆ.

ಉತ್ತರ – ಭೌತಶಾಸ್ತ್ರ ಉಪನ್ಯಾಸಕ, ಕುಶಾಲನಗರ

ಆ ಅನಿಸಿಕೆಯನ್ನೂ ಅಳೆದು ನೋಡಿದ್ದಾರಮ್ಮಾ. ಹಾರ್ವರ್ಡ್‌ನಲ್ಲಿಯೇ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚರ್ಚಿಸಿ ಕಲಿತವರು ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರೂ ಕಿರುಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಯೋಚಿಸುವ ಶ್ರಮವನ್ನೇ ಅವರು ಸೋಲೆಂದು ತಿಳಿದಿದ್ದರು. ಇದನ್ನು ಮೊದಲ ವಾರವೇ ತರಗತಿಗೆ ಹೇಳಬೇಕು.

ಉತ್ತರ – ಅರಣ್ಯಶಾಸ್ತ್ರ ಪದವೀಧರ, ಪೊನ್ನಂಪೇಟೆ

ವಿದ್ಯಾರ್ಥಿನಿ ಎತ್ತಿದ ಪರೀಕ್ಷೆಯ ಮಾತೇ ಮುಖ್ಯವೆಂದು ನನಗೆ ತೋರುತ್ತದೆ. ನಾವು ದೇವರಕಾಡುಗಳಲ್ಲಿ ನಿಂತು ಮರಗಳನ್ನು ಗುರುತಿಸಲು ಕಲಿತೆವು, ಪರೀಕ್ಷೆಯಲ್ಲೂ ಎಲೆ, ತೊಗಟೆಗಳನ್ನು ಮುಂದಿಟ್ಟೇ ಕೇಳುತ್ತಿದ್ದರು. ಕಲಿಸಿದ್ದಕ್ಕೂ ಕೇಳಿದ್ದಕ್ಕೂ ಅಂತರವಿರಲಿಲ್ಲ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ಬದಲಾಗಲು ಕಾಲ ಹಿಡಿಯಬಹುದು. ಆಂತರಿಕ ಮೌಲ್ಯಮಾಪನವಾದರೋ ಉಪನ್ಯಾಸಕರ ಕೈಯಲ್ಲಿದೆ ಮೇಡಂ. ಮನೆಯ ಅಥವಾ ನೆರೆಯವರ ತೋಟದ ಲೆಕ್ಕಪುಸ್ತಕ ಪಡೆದು, ಕಾಳುಮೆಣಸಿನ ಆದಾಯವು ಕಾಫಿ ಬೆಲೆಯ ಏರಿಳಿತವನ್ನು ಎಷ್ಟು ತಡೆದುಕೊಂಡಿತೆಂದು ಎರಡು ಪುಟ ಬರೆಯಲು ಹೇಳಿ, ಅದಕ್ಕೇ ಅಂಕ ಕೊಡಿ. ತೋಟವಿಲ್ಲದ ಮನೆಯ ಮಕ್ಕಳು ಕೂಲಿಯ ಲೆಕ್ಕವನ್ನು ತರಲಿ; ಅರ್ಥಶಾಸ್ತ್ರಕ್ಕೆ ಅದೂ ಅಷ್ಟೇ ಬೆಲೆಯುಳ್ಳದ್ದು.