ಅಕ್ಟೋಬರ್ 3ಕ್ಕ ಬರ್ಲಿನ್‌ನಾಗ ಏನು ತೆರದಿರ್ತದ, ಗೋಡೆ ಎಲ್ಲಿ ನೋಡ್ಬೇಕು?

ಕಲಬುರಗಿ_ತೊಗರಿ:
ಅಪ್ಪಾಜಿ, ಅವ್ವ ಕಲಬುರಗಿಯಿಂದ ಬರ್ಲಿನ್‌ಗೆ ಹೊಂಟಾರ. ಅಕ್ಟೋಬರ್ 3 ಅಲ್ಲಿ ಸರಕಾರಿ ರಜಾ ಅಂತ. ನಮ್ಮ ಸೆಪ್ಟೆಂಬರ್ 17ರಂಗ ಮುಂಜಾನೆ ಝಂಡಾ, ಆಮ್ಯಾಲ ಬಜಾರ್ ಚಾಲೂನೋ, ಇಲ್ಲಾ ಎಲ್ಲಾ ಬಂದೋ? ಪೂರ್ವ-ಪಶ್ಚಿಮ ಬರ್ಲಿನ್ ನಡುವ ಗೋಡೆ ಇದ್ದಾಗ ಜನ ಹ್ಯಾಂಗ ಓಡಾಡ್ತಿದ್ರು ಅನ್ನೋದು ಅಪ್ಪಾಜಿ ನೋಡ್ಬೇಕಂತಾರ. ಮೊಳಕಾಲು ನೋವದ, ಭಾಳ ನಡ್ಯಂಗಿಲ್ಲ.

ಬೀದರ್_ಸುರಾಹಿ:
ಬಜಾರ್ ಪೂರಾ ಬಂದ್ ರೀ, ಕಾಯ್ದೆನೇ ಹಂಗದ. ಹೋಟೆಲ್ ನಡೀತಾವ. ಕಿರಾಣಿ ಅಂದ್ರ ಹಾಪ್ಟ್‌ಬಾನ್‌ಹೋಫ್, ಫ್ರೀಡ್ರಿಶ್‌ಷ್ಟ್ರಾಸೆಯಂಥ ದೊಡ್ಡ ಸ್ಟೇಷನ್ನಿನ ಸೂಪರ್‌ಮಾರ್ಕೆಟ್. ಅಲ್ಲಿ ಅವತ್ತು ಪಾಳಿ ಹಚ್ಚೋದು ವಯಸ್ಸಾದವರಿಗೆ ಬ್ಯಾಡ, ಹಾಲು-ಮೊಸರು 2ನೇ ತಾರೀಖಿಗೇ ತಂದಿಡ್ರಿ. ಔಷಧಿ ಅಂಗಡಿ ಸರದಿ ಮ್ಯಾಲ ಕೆಲವು ತೆರದಿರ್ತಾವ, 2.50 ಯೂರೋ ಜಾದಾ; ಯಾವುದು ತೆರದದ ಅಂತ ಮುಚ್ಚಿದ ಅಂಗಡಿ ಬಾಗಿಲಿಗೆ ಬರದಿರ್ತಾರ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಬರ್ಲಿ. ತುಪ್ಪ, ಪೇಡೆ ಬ್ಯಾಡ, ಹಾಲಿನ ಪದಾರ್ಥ ಕಸ್ಟಮ್ಸ್‌ನವರು ಬಿಡಂಗಿಲ್ಲ.

ಶಹಾಪುರ_ಬೆಟ್ಟ:
ಈಸ್ಟ್ ಸೈಡ್ ಗ್ಯಾಲರಿ ತೋರಸ್ರಿ. 1.3 ಕಿ.ಮೀ. ಗೋಡೆ ತುಂಬ ಚಿತ್ರ, ತಿಕೀಟಿಲ್ಲ.

ಸುರಪುರ_ಕೋಟೆ:
ಫೋಟೋಕ್ಕ ಛಲೋ. ಆದ್ರ ಆ ಚಿತ್ರ 1990ರಾಗ ಬಿಡಿಸಿದ್ದು. ಗೋಡೆ ಇದ್ದ ಕಾಲಕ್ಕ ಪೂರ್ವದ ಕಡೆಯವರು ಬಣ್ಣ ಹಿಡ್ಕೊಂಡು ಹತ್ರ ಹೋಗೋದು ಆಗದ ಮಾತು. ಹಿರಿಯರು ಕೇಳಿದ್ದು ಸಿಗೋದು ಬೆರ್ನಾವರ್ ಷ್ಟ್ರಾಸೆ ಅನ್ನೋ ಓಣ್ಯಾಗ, ಗೋಡೆ ಸ್ಮಾರಕ ಅಲ್ಲೇ ಅದ.

ನಾರ್ಡ್‌ಬಾನ್‌ಹೋಫ್‌ನಾಗ ಇಳೀರಿ. ಆ ಸ್ಟೇಷನ್ನೇ ನೋಡೂವಂಥದ್ದು. 1961ರ ಆಗಸ್ಟ್‌ನಾಗ ಬಂದ್ ಮಾಡಿದ್ರು. ಪಶ್ಚಿಮದ ರೈಲು ಪೂರ್ವದ ನೆಲದ ಬುಡಕ ನಿಲ್ಲದಂಗ ಹಾದು ಹೋಗ್ತಿತ್ತು, ಪ್ಲಾಟ್‌ಫಾರ್ಮಿಗೆ ಪಹರೆ. ಅಲ್ಲೇ ಫಲಕ ಹಾಕ್ಯಾರ, ಕೂತು ಓದಬಹುದು. ಮ್ಯಾಲ ಬಂದ್ರ ಆ ಓಣಿ: ಮನಿ ಪೂರ್ವದ್ದು, ಬಾಗಿಲ ಮುಂದಿನ ಫುಟ್‌ಪಾತ್ ಪಶ್ಚಿಮದ್ದು. ಬಾಗಿಲಿಗೆ, ಆಮ್ಯಾಲ ಕಿಟಕಿಗೂ ಇಟ್ಟಂಗಿ ಕಟ್ಟಿದ್ರು. ಅಷ್ಟ್ರಾಗ ಜನ ಮಹಡಿಯಿಂದ ಜಿಗಿದು ದಾಟಿದ್ರು, ಸತ್ತವರೂ ಅದಾರ. ಸ್ಮಾರಕ 1.4 ಕಿ.ಮೀ. ಅದ, ಪೂರಾ ನಡಿಬ್ಯಾಡ್ರಿ. ಆಕರ್ ಷ್ಟ್ರಾಸೆ ತನಕ ಸಾಕು, ಒಂದರ ಹಿಂದ ಒಂದಿದ್ದ ಎರಡೂ ಗೋಡೆ ಮತ್ತ ನಡುವಿನ ಪಹರೆ ಪಟ್ಟಿ ಉಳಿಸಿದ್ದು ಅಲ್ಲೇ. ಮುಂದ ಎಂ10 ಟ್ರಾಮ್ ಸಿಗ್ತದ.

ಶಕ್ತಿ ಇದ್ರ ವಾಪಸ್ ನಾರ್ಡ್‌ಬಾನ್‌ಹೋಫ್‌ನಿಂದ ಎರಡನೇ ಸ್ಟಾಪು ಫ್ರೀಡ್ರಿಶ್‌ಷ್ಟ್ರಾಸೆ. ಪೂರ್ವದವರು ನೆಂಟರನ್ನ ಬೀಳ್ಕೊಡ್ತಿದ್ದ ಗಡಿ ತಪಾಸಣೆ ಕಟ್ಟಡ ಟ್ರೇನನ್‌ಪಾಲಾಸ್ಟ್ ಅಲ್ಲೇ ಅದ, ಈಗ ಮ್ಯೂಸಿಯಂ, ಪುಕ್ಕಟೆ. 1980ರಿಂದ ಪೂರ್ವಕ್ಕ ಬರೋ ಪಶ್ಚಿಮದವರು ದಿನಕ್ಕ 25 ಮಾರ್ಕ್ ಕೊಟ್ಟು ಅಷ್ಟೇ ಪೂರ್ವದ ಮಾರ್ಕ್ ಕಡ್ಡಾಯ ತಗೋಬೇಕಿತ್ತು. ಪೂರ್ವದ ಮಾರ್ಕಿಗೆ ಹೊರಗ ಅಷ್ಟು ಬೆಲೆ ಇರಲಿಲ್ಲ, ಅಂದ್ರ ಅತ್ತಿ ಮನಿಗೆ ಹೋಗಲಿಕ್ಕೂ ಸುಂಕ! ಸೋಮವಾರ ಇದು ಬಂದ್ ಇರ್ತದ, ಹಬ್ಬ ಸೋಮವಾರ ಬಿದ್ರ ಮೊದಲೇ ನೋಡ್ಕೋರಿ.

ಕಲಬುರಗಿ_ತೊಗರಿ:
ಭಾಳ ಉಪಕಾರ ರೀ. ಗೋಡೆ ತೆರದದ್ದು ನವೆಂಬರ್ 9 ಅಲ್ಲೇನು? ರಜಾ ಯಾಕ ಅಕ್ಟೋಬರಾಗ?

ಬೀದರ್_ಸುರಾಹಿ:
ತೆರದದ್ದು 1989ರ ನವೆಂಬರ್ 9ಕ್ಕೇ. ಆದ್ರ 1938ರಾಗ ಅದೇ ತಾರೀಖಿನ ರಾತ್ರಿ ಯಹೂದಿಗಳ ಪ್ರಾರ್ಥನಾ ಮಂದಿರ, ಅಂಗಡಿ ಸುಟ್ಟು ಒಡೆದಿದ್ರು, ಆ ದಿನ ಹಬ್ಬ ಹ್ಯಾಂಗ ಮಾಡ್ತಾರ? ಪೂರ್ವ, ಪಶ್ಚಿಮ ಜರ್ಮನಿ ಎರಡೂ ದೇಶ ಕಾನೂನು ಪ್ರಕಾರ ಒಂದಾದ 1990ರ ಅಕ್ಟೋಬರ್ 3 ಇಟ್ಕೊಂಡ್ರು. ಅವತ್ತೇ ಮಸೀದಿಗಳು ಎಲ್ಲಾ ಧರ್ಮದವರಿಗೂ ಬಾಗಿಲು ತೆರೀತಾವ, 1997ರಿಂದ ನಡೆದದ. ಬಂದೇ ನವಾಜ್ ದರ್ಗಾ ನೋಡಿ ಬೆಳದವರಿಗೆ ಅದೂ ಹಿಡಸ್ತದ.

ಶಹಾಪುರ_ಬೆಟ್ಟ:
ವಿಮಾನ ನಿಲ್ದಾಣದಿಂದ ಎಬಿಸಿ ವಲಯದ ತಿಕೀಟು, ಊರೊಳಗ ಎಬಿ ವಲಯದ್ದು ಸಾಕು. ಕಾಗದದ ತಿಕೀಟಾದ್ರ ಪ್ಲಾಟ್‌ಫಾರ್ಮಿನ ಸಣ್ಣ ಡಬ್ಬಿಯಾಗ ಮುದ್ರೆ ಒತ್ತಿಸ್ಕೋರಿ. ಇಲ್ಲಾಂದ್ರ ತಿಕೀಟು ಕೈಯಾಗಿದ್ರೂ 60 ಯೂರೋ ದಂಡ, ರಜಾ ಅಂತ ಮಾಫಿ ಇಲ್ಲ.