ಹಳೇ ಟರ್ಬೋ ಪಾಸ್ಕಲ್ ಪ್ರೋಗ್ರಾಂನ ಹೊಸ ಕಂಪ್ಯೂಟರ್‌ಗೆ ತಂದವರು ಇದ್ದೀರಾ?

ಪೀಣ್ಯದಲ್ಲಿ ಅಪ್ಪನ ಗೇರ್ ಕಟಿಂಗ್ ಶೆಡ್ ಇದೆ. ಗೇರ್‌ಗೆ ಹಲ್ಲು ಕೊರೆಯುವ ಹಾಬಿಂಗ್ ಮೆಷಿನ್‌ಗೆ ಯಾವ ಚೇಂಜ್ ಗೇರ್ (ಬೇಕಾದ ಹಲ್ಲಿನ ಲೆಕ್ಕಕ್ಕೆ ತಕ್ಕಂತೆ ಬದಲಿಸುವ ಗೇರ್) ಹಾಕಬೇಕು ಅಂತ ಹೇಳುವ ಪ್ರೋಗ್ರಾಂ ಒಂದನ್ನು ಅವರ ಸ್ನೇಹಿತರು 1994ರಲ್ಲಿ ಟರ್ಬೋ ಪಾಸ್ಕಲ್ 7ರಲ್ಲಿ (ಡಾಸ್ ಕಾಲದ ಪ್ರೋಗ್ರಾಮಿಂಗ್ ಸಾಧನ) ಬರೆದುಕೊಟ್ಟಿದ್ದರು. ಹಳೇ ಕಂಪ್ಯೂಟರ್ ಕೈಕೊಟ್ಟಿದೆ. 64 ಬಿಟ್ ವಿಂಡೋಸ್‌ನಲ್ಲಿ ಅದು ಓಡುವುದೇ ಇಲ್ಲ. ಸೋರ್ಸ್ (ಪ್ರೋಗ್ರಾಂ ಬರೆದ ಮೂಲ ಸಾಲುಗಳು) ಫ್ಲಾಪಿಯಲ್ಲಿದೆ. ಈಗಿನ ಕಂಪ್ಯೂಟರ್‌ಗಳಲ್ಲಿ ಓಡುವ ಫ್ರೀ ಪಾಸ್ಕಲ್‌ಗೆ ತರಬಹುದಾ, ಪೈಥಾನ್ ಭಾಷೆಯಲ್ಲಿ ಹೊಸದಾಗಿ ಬರೆಯಲಾ?

— ಮೊದಲು ಎಸ್.ಪಿ. ರೋಡ್‌ಗೆ ಹೋಗಿ ಯುಎಸ್‌ಬಿ ಫ್ಲಾಪಿ ಡ್ರೈವ್ ಹುಡುಕಿ. ಫ್ಲಾಪಿ ಓದಿದ ದಿನವೇ ಎರಡು ಕಾಪಿ ಮಾಡಿಡಿ. ಹೊಸದಾಗಿ ಬರೆಯಬೇಡಿ. ಆ ಸ್ನೇಹಿತರು ಯಾವ ಲೆಕ್ಕ ಎಲ್ಲಿ ಸೇರಿಸಿದ್ದಾರೋ, ಅದೆಲ್ಲ ಸೋರ್ಸ್‌ನಲ್ಲಿ ಮಾತ್ರ ಇರುತ್ತೆ.

ಫ್ರೀ ಪಾಸ್ಕಲ್‌ನಲ್ಲಿ ಟರ್ಬೋ ಪಾಸ್ಕಲ್ ಥರ ನಡೆದುಕೊಳ್ಳುವ ಟಿಪಿ ಮೋಡ್ ಅಂತಲೇ ಇದೆ, ಅದರಲ್ಲಿ ಕಂಪೈಲ್ ಮಾಡಿ (ಅಂದರೆ ಸೋರ್ಸನ್ನು ಓಡುವ ಪ್ರೋಗ್ರಾಂ ಆಗಿ ಮಾಡಿ). ನಾನು ಒಂದು ಸಹಕಾರ ಸಂಘದ ಸಾಲದ ಲೆಕ್ಕ ತಂದಾಗ ಮುಕ್ಕಾಲು ಭಾಗ ಹಾಗೇ ಕಂಪೈಲ್ ಆಯಿತು. ತೊಡಕಾಗಿದ್ದು ಸ್ಕ್ರೀನ್ ಮೆಮೊರಿಗೆ ನೇರವಾಗಿ ಬರೆಯುವ ಸಾಲುಗಳು, 16 ಬಿಟ್ ಅಸೆಂಬ್ಲಿ ತುಂಡುಗಳು. ಅವನ್ನು ತೆಗೆದು ಸಿಆರ್‌ಟಿ ಯುನಿಟ್ (ಸ್ಕ್ರೀನ್ ನೋಡಿಕೊಳ್ಳುವ, ಪಾಸ್ಕಲ್ ಜೊತೆಗೇ ಬರುವ ಭಾಗ) ಸೇರಿಸಿ ಮಾಮೂಲಿ ರೈಟ್ ಬಳಸಿದೆ. ನೋಡೋಕೆ ಹಳೇ ಚೆಂದ ಹೋಯ್ತು, ಬಿಡಿ.

ನಿಜವಾದ ತಲೆನೋವು ಡೇಟಾ ಫೈಲ್. ಟರ್ಬೋ ಪಾಸ್ಕಲ್‌ನಲ್ಲಿ ರಿಯಲ್ (ದಶಾಂಶ ಸಂಖ್ಯೆ) ಅಂದರೆ 6 ಬೈಟ್, ಫ್ರೀ ಪಾಸ್ಕಲ್‌ನಲ್ಲಿ ಅದೇ ಹೆಸರು 8 ಬೈಟ್. 20 ಅಕ್ಷರದ ಹೆಸರು (ಉದ್ದ ಹೇಳುವ ಬೈಟ್ ಸೇರಿ 21), ಒಂದು ಇಂಟೀಜರ್ (ಪೂರ್ಣಾಂಕ, 2 ಬೈಟ್), ಒಂದು ರಿಯಲ್ ಇರುವ ರೆಕಾರ್ಡ್ ಮೊದಲು 29 ಬೈಟ್ ಇತ್ತು. ಈಗ ಪ್ಯಾಕ್ಡ್ (ನಡುವೆ ಖಾಲಿ ಬೈಟ್ ಬಿಡಬೇಡ) ಅಂದರೂ 31. ಟಿಪಿ ಬದಲು ಡೆಲ್ಫಿ ಮೋಡ್ ಹಾಕಿದರೆ ಇಂಟೀಜರ್ 4 ಬೈಟ್ ಆಗಿ 33. ಮೊದಲ ಸದಸ್ಯರ ಹೆಸರು ಸರಿಯಾಗಿ ಬಂತು, ಎರಡನೆಯವರಿಂದ ಬರೀ ಕಸ. ನಾನು ಎರಡು ದಿನ ಫೈಲೇ ಕೆಟ್ಟಿದೆ ಅಂದುಕೊಂಡಿದ್ದೆ! ಉಪಾಯ ಇದು: ಪ್ಯಾಕ್ಡ್ ರೆಕಾರ್ಡ್ ಮಾಡಿ, ರಿಯಲ್ ಜಾಗದಲ್ಲಿ ಹಳೇ 6 ಬೈಟಿನ ರಿಯಲ್48 ಇಡಿ, ಓದಿದ ಮೇಲೆ ಅದನ್ನು 8 ಬೈಟಿಗೆ ಬದಲಿಸುವ ರಿಯಲ್2ಡಬಲ್ ಫಂಕ್ಷನ್‌ಗೆ ಕೊಡಿ.

— ಇಷ್ಟೆಲ್ಲ ಯಾಕೆ? ಹಳೇ ಡಾಸ್ ಕಂಪ್ಯೂಟರ್‌ನ ಅನುಕರಿಸುವ ಡಾಸ್‌ಬಾಕ್ಸ್ ಹಾಕಿ, ಹಳೇ ಪ್ರೋಗ್ರಾಂ ಹಾಗೇ ಓಡುತ್ತೆ. ಶುರುವಲ್ಲೇ ರನ್‌ಟೈಮ್ ಎರರ್ 200 ಬಂದರೆ ಗಾಬರಿ ಬೇಡ. ಪ್ರೊಸೆಸರ್ ಎಷ್ಟು ಜೋರು ಅಂತ ಸಿಆರ್‌ಟಿ ಯುನಿಟ್ ಮೊದಲೇ ಎಣಿಸಿಕೊಳ್ಳುತ್ತೆ. ಎಣಿಕೆ ದೊಡ್ಡದಾದರೆ 55ರಿಂದ ಭಾಗಿಸಿದ ಉತ್ತರ 16 ಬಿಟ್‌ನಲ್ಲಿ ಹಿಡಿಸಲ್ಲ. ಡಾಸ್‌ಬಾಕ್ಸ್‌ನ ಸೈಕಲ್ಸ್ (ಓಡುವ ವೇಗ) ಇಳಿಸಿ, ಸರಿಹೋಗುತ್ತೆ.

— ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಡಾಸ್‌ಬಾಕ್ಸ್ ಬೇಕು, ಆದರೆ ತಾಳೆ ನೋಡೋಕೆ. ಹಳೇ ಜಾಬ್‌ಗಳನ್ನು ಹಳೇ ಪ್ರೋಗ್ರಾಂ, ಹೊಸ ಪ್ರೋಗ್ರಾಂ ಎರಡರಲ್ಲೂ ಹಾಕಿ ಉತ್ತರ ಹೋಲಿಸಿ. ಅದಿಲ್ಲದೆ ಮೆಷಿನ್ ಮುಟ್ಟಬೇಡಿ. ಹಲ್ಲು ತಪ್ಪಾದ ಗೇರ್ ಗುಜರಿಗೇ ಹೋಗೋದು.

— ಪ್ರಶ್ನೆ ಕೇಳಿದವನೇ ಮತ್ತೆ ಬಂದಿದ್ದೇನೆ. ಮೂರು ಭಾನುವಾರ ಹಿಡಿಯಿತು. ರಿಯಲ್48 ಉಪಾಯದಿಂದ ಫೈಲ್ ಪೂರ್ತಿ ಬಂತು. 40 ಹಳೇ ಜಾಬ್ ತಾಳೆ ಹಾಕಿದೆ. 39 ಒಂದೇ, ಒಂದರಲ್ಲಿ ಮಾತ್ರ ಬೇರೆ ಚೇಂಜ್ ಗೇರ್ ತೋರಿಸಿತು. ಆ ಜಾಬ್‌ಗೆ ಎರಡು ಸೆಟ್ ಗೇರ್ ಸರಿಸಮ ಹೊಂದುತ್ತವೆ. ಹಳೇ ರಿಯಲ್‌ಗೆ 11–12 ಅಂಕಿಯವರೆಗೆ ಮಾತ್ರ ನಿಖರತೆ, ಹೊಸದಕ್ಕೆ 15ರವರೆಗೆ. ಕೊನೆಯ ಅಂಕಿಯ ವ್ಯತ್ಯಾಸಕ್ಕೆ ಆಯ್ಕೆ ಬದಲಾಗಿದೆ. ಅಪ್ಪನಿಗೆ ತೋರಿಸಿದೆ. "ಎರಡೂ ನಡೆಯುತ್ತೆ ಕಣೋ, ಆದರೆ 37 ಹಲ್ಲಿನ ಗೇರ್ ನಮ್ಮ ಹತ್ತಿರ ಇಲ್ವಲ್ಲ" ಅಂದರು.