ಮಾನಿಟರ್ ಮೇಲೆ ಒಣಗಿದ ಗಂಧ, ಧೂಳು: ಹೇಗೆ ಒರೆಸಬೇಕು?

ಪ್ರಶ್ನೆ: ನಮಸ್ಕಾರ ಸಾರ್. ನಾನು ಆಲ್ದೂರು ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಆಯುಧ ಪೂಜೆ ದಿನ ಆಫೀಸಿನ ಕಂಪ್ಯೂಟರ್‌ಗೂ ಗಂಧ, ಕುಂಕುಮ ಇಟ್ಟಿದ್ದೆವು. ಹುಡುಗರು ಸ್ಕ್ರೀನ್ ಮಧ್ಯಕ್ಕೇ ಇಟ್ಟುಬಿಟ್ಟಿದ್ದಾರೆ, ನಾನೂ ಹಾಗೇ ಬಿಟ್ಟಿದ್ದೆ. ಈಗ ಗಂಧ ಗಟ್ಟಿಯಾಗಿ ಕೂತಿದೆ. ಕೊಯ್ಲು ಶುರುವಾದ ಮೇಲೆ ಕಣದ ಧೂಳು ಬೇರೆ. ಕಿಟಕಿ ಗಾಜು ಒರೆಸುವ ಸ್ಪ್ರೇ ಇದೆ, ಅದನ್ನು ಹೊಡೆದು ನ್ಯೂಸ್‌ಪೇಪರ್‌ನಲ್ಲಿ ಉಜ್ಜಿದರೆ ಆಗುತ್ತಾ?

ಉತ್ತರ: ರೈಟರ್ ಸಾರ್, ಮೊದಲು ಆ ಸ್ಪ್ರೇ ಕೆಳಗಿಡಿ. ಪೇಪರೂ ಬೇಡ. ಹಾಸನದಲ್ಲಿ ನನ್ನದು ಟಿವಿ, ಮಾನಿಟರ್ ರಿಪೇರಿ ಅಂಗಡಿ. ಒರೆಸಲು ಹೋಗಿ ಹಾಳಾದ ಮಾನಿಟರ್ ಬಂದಾಗೆಲ್ಲ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಅದು ತಾನಾಗಿ ಕೆಟ್ಟದ್ದಲ್ಲ.

ಹಳೇ ದಪ್ಪ ಮಾನಿಟರ್ ಇತ್ತಲ್ಲ, ಅದರ ಮುಂಭಾಗ ದಪ್ಪ ಗಾಜು. ಅದಕ್ಕೆ ಪೇಪರ್, ನೀರು ಹಾಕಿ ಉಜ್ಜಿದರೂ ತಡೆದುಕೊಳ್ಳುತ್ತಿತ್ತು. ಈಗಿನ ಎಲ್‌ಸಿಡಿ, ಎಲ್‌ಇಡಿ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ನಿಮ್ಮ ಕೈಗೆ ತಾಗುವುದು ಗಾಜಲ್ಲ, ಪ್ಲಾಸ್ಟಿಕ್ ಹಾಳೆ. ಪೋಲರೈಸರ್ ಅಂತಾರೆ. ಅದರ ಮೇಲೆ ಬೆಳಕು ಪ್ರತಿಫಲಿಸದ ಹಾಗೆ ಇನ್ನೊಂದು ತೆಳು ಲೇಪನ ಇರುತ್ತದೆ. ಗಾಜಿನ ಸ್ಪ್ರೇಗಳಲ್ಲಿ ಅಮೋನಿಯಾ ಇದ್ದರೆ ಆ ಲೇಪನ ಮಂಜಾಗುತ್ತದೆ, ತೇಪೆ ತೇಪೆಯಾಗಿ ಏಳುತ್ತದೆ. ಆಮೇಲೆ ಏನು ಹಚ್ಚಿದರೂ ವಾಪಸ್ ಬರಲ್ಲ. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಅಂತೂ ಹತ್ತಿರಕ್ಕೂ ತರಬೇಡಿ.

ಅದಕ್ಕಿಂತ ದೊಡ್ಡ ಅಪಾಯ ಸ್ಪ್ರೇ ಹೊಡೆಯುವುದರಲ್ಲೇ ಇದೆ. ಹೋದ ಮಳೆಗಾಲದಲ್ಲಿ ಒಂದು ಮಾನಿಟರ್ ಬಂತು, ಮೇಲಿಂದ ಕೆಳಗಿನ ತನಕ ಬಣ್ಣದ ಗೆರೆಗಳು. ಬಿಚ್ಚಿ ನೋಡಿದರೆ ಕೆಳಗಿನ ಅಂಚಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ಪರದೆ ಮೇಲೆ ಹೊಡೆದ ನೀರು ಹನಿ ಹನಿಯಾಗಿ ಇಳಿದು ಫ್ರೇಮಿನ ಸಂದಿಗೆ ಹೋಗಿದೆ. ಬಹಳಷ್ಟು ಮಾನಿಟರ್‌ಗಳಲ್ಲಿ ಅಲ್ಲೇ, ಪರದೆಗೆ ಅಂಟಿಕೊಂಡ ಹಾಗೆ, ಸಿಗ್ನಲ್ ಕೊಡುವ ತೆಳು ಪಟ್ಟಿಗಳು ಇರುತ್ತವೆ. ಎರಡು ಹನಿ ಸಾಕು. ಪ್ಯಾನೆಲ್ ಬದಲಾಯಿಸಬೇಕು ಅಂದರೆ ಹೊಸ ಮಾನಿಟರ್ ರೇಟ್ ಹತ್ತಿರ ಹತ್ತಿರ ಬರುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ನೀರು ಬಟ್ಟೆಗೆ ಹಾಕಿ, ಪರದೆಗೆ ಹಾಕಬೇಡಿ.

ಈಗ ನಿಮ್ಮ ಕೆಲಸ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಬಿಸಿ ಆರಲು ಹತ್ತು ನಿಮಿಷ ಬಿಡಿ. ಪರದೆ ಕಪ್ಪಾದಾಗ ಕೊಳೆಯೂ ಚೆನ್ನಾಗಿ ಕಾಣುತ್ತದೆ. ಕಿಟಕಿ ಬೆಳಕಿಗೆ ಓರೆಯಾಗಿ ನೋಡಿ, ಎಲ್ಲೆಲ್ಲಿ ಏನಿದೆ ಗೊತ್ತಾಗುತ್ತದೆ. ಮೊದಲು ಒಣ ಧೂಳು ತೆಗೆಯಬೇಕು. ಕಣದ ಧೂಳಿನಲ್ಲಿ ಸಣ್ಣ ಮರಳು ಇದ್ದೇ ಇರುತ್ತದೆ ಅಲ್ವಾ, ಅದರ ಮೇಲೆ ಬಟ್ಟೆ ಒತ್ತಿ ಉಜ್ಜಿದರೆ ಉಪ್ಪುಕಾಗದ ಎಳೆದ ಹಾಗೆ. ಮೆತ್ತನೆಯ ಹೊಸ ಪೇಂಟ್ ಬ್ರಷ್‌ನಿಂದ ಮೇಲಿಂದ ಕೆಳಗೆ ಹಗುರವಾಗಿ ಉದುರಿಸಿ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ, ಅದರಲ್ಲಿ ನೀರು, ಎಣ್ಣೆ ಪಸೆ ಬರುತ್ತದೆ.

ಆಮೇಲೆ ಗಂಧ. ಉಗುರಿನಿಂದ ಕೆರೆಯಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆ ಇರುತ್ತದಲ್ಲ, ಅದನ್ನು ನೀರಲ್ಲಿ ಅದ್ದಿ ಪೂರ್ತಿ ಹಿಂಡಿ. ಹಿಂಡಿದಾಗ ಒಂದು ಹನಿಯೂ ಬೀಳಬಾರದು, ಕೆನ್ನೆಗೆ ಇಟ್ಟರೆ ತಂಪು ಅನಿಸಬೇಕು, ಒದ್ದೆ ಅನಿಸಬಾರದು. ಅದನ್ನು ಗಂಧದ ಮೇಲೆ ಸುಮ್ನೆ ಇಟ್ಟು ಒಂದೆರಡು ನಿಮಿಷ ಬೆರಳ ತುದಿಯಲ್ಲಿ ಹಿಡಿದುಕೊಳ್ಳಿ. ಗಂಧ ಮೆತ್ತಗಾಗುತ್ತದೆ. ಆಗ ಬಟ್ಟೆಯನ್ನು ಎತ್ತಿಕೊಳ್ಳಿ, ಎಳೆಯಬೇಡಿ. ಬಟ್ಟೆಯ ಮಡಿಕೆ ಬದಲಿಸಿ ಮತ್ತೆ ಇಡಿ. ನಾಲ್ಕೈದು ಸಲ ಬೇಕಾಗಬಹುದು, ಅವಸರ ಮಾಡಬೇಡಿ. ಕುಂಕುಮ ಉಳಿದಿದ್ದರೆ ಅದನ್ನೂ ಹೀಗೇ. ಕೊನೆಗೆ ಒಣ ಬಟ್ಟೆಯಲ್ಲಿ ಒಂದು ಸಲ ಸವರಿ, ಹದಿನೈದು ನಿಮಿಷ ಬಿಟ್ಟು ಆನ್ ಮಾಡಿ. ಮಳೆ ಹಿಡಿದ ದಿನವಾದರೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಬಿಡಿ.

ಮುಂದಿನ ವರ್ಷ ಗಂಧ ಕುಂಕುಮವನ್ನು ಮಾನಿಟರ್ ಸ್ಟ್ಯಾಂಡಿಗೆ ಇಡಿ ಸಾರ್. ಹೂವಿನ ನೀರು ಬೀಳದ ಹಾಗೆ ನೋಡಿಕೊಳ್ಳಿ. ಪೂಜೆ ಪೂಜೆಯೇ, ಎಲ್ಲಿಟ್ಟರೂ ಸಲ್ಲುತ್ತದೆ.

ಪ್ರಶ್ನೆ: ಅಣ್ಣಾ, ನಾನು ಅರಸೀಕೆರೆಯಿಂದ. ನೀವು ಹೇಳಿದ ಹಾಗೇ ಬಟ್ಟೆ ಒದ್ದೆ ಮಾಡಿಯೇ ಒರೆಸುತ್ತೇನೆ. ಆದರೂ ಒಣಗಿದ ಮೇಲೆ ಬಿಳಿ ಬಿಳಿ ಮಚ್ಚೆ ಕಾಣುತ್ತೆ. ಮಗಳು ಆನ್‌ಲೈನ್ ಕ್ಲಾಸಿಗೆ ಕೂತಾಗ ಬೆರಳಿಟ್ಟು ತೋರಿಸುತ್ತಾಳೆ, ಆ ಜಿಡ್ಡೂ ಹೋಗಲ್ಲ. ಸ್ಯಾನಿಟೈಸರ್ ಹಾಕಲಾ?

ಉತ್ತರ: ಮೇಡಂ, ಮಚ್ಚೆ ನಿಮ್ಮ ನೀರಿನದು. ಬೋರ್‌ವೆಲ್ ನೀರು ಗಡಸು, ನೀರು ಆರಿದ ಮೇಲೆ ಸುಣ್ಣದ ಅಂಶ ಅಲ್ಲೇ ಉಳಿಯುತ್ತದೆ. ನಿಮ್ಮ ಪಾತ್ರೆ ತಳದಲ್ಲಿ, ಗೀಸರ್ ಒಳಗೆ ಕಟ್ಟುತ್ತಲ್ಲ, ಅದೇ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಬಾಟಲಿ ತಂದಿಟ್ಟರೆ ತಿಂಗಳುಗಟ್ಟಲೆ ಆಗುತ್ತದೆ. ಲೇಬಲ್ ಓದಿ ತನ್ನಿ, ಬ್ಯಾಟರಿ ಆಸಿಡ್ ಬೇರೆ, ಅದು ಕೈಯನ್ನೇ ಸುಡುತ್ತದೆ. ಸಿಗದಿದ್ದರೆ ಮನೆಯ ಆರ್‌ಓ ನೀರಾದರೂ ಪರವಾಗಿಲ್ಲ.

ಸ್ಯಾನಿಟೈಸರ್ ಬೇಡ. 2020ರಲ್ಲಿ ಎಲ್ಲರೂ ಎಲ್ಲದಕ್ಕೂ ಅದನ್ನೇ ಹಚ್ಚಿದರು. ಅದರಲ್ಲಿ ಆಲ್ಕೋಹಾಲ್ ಜೊತೆಗೆ ಕೈ ಒಣಗದಿರಲಿ ಅಂತ ಗ್ಲಿಸರಿನ್ ಥರದ ಅಂಟು ಪದಾರ್ಥ ಹಾಕಿರುತ್ತಾರೆ, ಪರದೆ ಮೇಲೆ ಇನ್ನಷ್ಟು ಜಿಡ್ಡು ಹರಡುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲನ್ನು ನೀರು ಬೆರೆಸಿ ಬಳಸಲು ಕೆಲವು ಕಂಪನಿಗಳು ಒಪ್ಪುತ್ತವೆ, ಕೆಲವು ಬೇಡವೇ ಬೇಡ ಅನ್ನುತ್ತವೆ. ನಿಮ್ಮ ಮಾನಿಟರ್ ಪುಸ್ತಕದಲ್ಲಿ ಏನಿದೆಯೋ ಅದೇ ಸರಿ. ಬೆರಳಿನ ಜಿಡ್ಡಿಗೆ ಹಿಂಡಿದ ಬಟ್ಟೆಯಲ್ಲಿ ಎರಡು ಸಲ, ಒಣ ಬಟ್ಟೆಯಲ್ಲಿ ಒಂದು ಸಲ, ಸಾಮಾನ್ಯವಾಗಿ ಅಷ್ಟಕ್ಕೇ ಹೋಗುತ್ತದೆ. ಆ ಬಟ್ಟೆ ಒಗೆಯುವಾಗ ಬಟ್ಟೆ ಮೃದು ಮಾಡುವ ಘಮಘಮ ದ್ರವ ಹಾಕಬೇಡಿ, ಅದರ ಪಸೆಯೇ ಪರದೆಗೆ ಹತ್ತುತ್ತದೆ. ನಿಮ್ಮ ಜಿಡ್ಡಿಗೆ ಅದೂ ಕಾರಣ ಇರಬಹುದು.

ಪ್ರಶ್ನೆ: ಸಕಲೇಶಪುರದಿಂದ. ಮಳೆ ಶುರುವಾದಾಗಿನಿಂದ ಸ್ಕ್ರೀನ್ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಎಷ್ಟು ಒರೆಸಿದರೂ ಹೋಗ್ತಿಲ್ಲ. ನಿನ್ನೆ ನೋಡಿದರೆ ಜಾಗ ಬದಲಾಗಿದೆ!

ಉತ್ತರ: ಅದು ಹುಳ, ಪರದೆಯ ಒಳಗೆ ಹೋಗಿದೆ. ಬೆಳಕಿಗೆ ಬಂದು ಹಿಂದಿನ ಗಾಳಿ ಕಿಂಡಿಯಲ್ಲಿ ನುಸುಳುತ್ತವೆ. ದಯವಿಟ್ಟು ಒತ್ತಬೇಡಿ. ಒತ್ತಿದರೆ ಅಲ್ಲೇ ಅಪ್ಪಚ್ಚಿಯಾಗಿ ಆ ಚುಕ್ಕೆ ಕಾಯಂ ಆಗುತ್ತದೆ, ಪ್ಯಾನೆಲ್ ಬಿಚ್ಚದೆ ತೆಗೆಯಲು ಆಗಲ್ಲ. ರಾತ್ರಿ ಮಾನಿಟರ್ ಆಫ್ ಮಾಡಿ, ಅದರ ಅಂಚಿನ ಹತ್ತಿರ ಒಂದು ಟೇಬಲ್ ಲ್ಯಾಂಪ್ ಹಚ್ಚಿಡಿ. ಜೀವ ಇದ್ದರೆ ಎಷ್ಟೋ ಸಲ ಬೆಳಕಿನ ಕಡೆ ತಾನೇ ಹೊರಗೆ ಬರುತ್ತದೆ. ಸತ್ತರೂ ಒತ್ತದೆ ಬಿಟ್ಟರೆ ಕೆಲವು ಸಲ ಕೆಳಗೆ ಉದುರಿ ಅಂಚಿನಲ್ಲಿ ಮರೆಯಾಗುತ್ತದೆ. ಸಂಜೆ ಹೊತ್ತು ಕಿಟಕಿ ಹಾಕಿಕೊಂಡು ಕೆಲಸ ಮಾಡಿ.

ಆಲ್ದೂರಿನಿಂದ ಮತ್ತೆ: ಸಾರ್, ಗಂಧ ಪೂರ್ತಿ ಬಂತು! ಆರು ಸಲ ಬಟ್ಟೆ ಇಡಬೇಕಾಯಿತು. ಆದರೆ ಅದರ ಪಕ್ಕ ಕೂದಲೆಳೆಯಂಥ ಒಂದು ಗೀರು ಇದೆ, ಮೊದಲೇ ಯಾರೋ ಕೆರೆದಿದ್ದಾರೆ ಅನಿಸುತ್ತೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಹೋಗುತ್ತೆ ಅಂತ ಇಲ್ಲೊಬ್ಬರು ಹೇಳಿದರು.

ಉತ್ತರ: ಬಹಳ ಸಂತೋಷ ಸಾರ್. ಟೂತ್‌ಪೇಸ್ಟ್ ಬೇಡ. ಅದರಲ್ಲಿ ಹಲ್ಲು ತಿಕ್ಕಲು ಅಂತ ಸಣ್ಣ ಪುಡಿ ಇರುತ್ತದೆ, ಪರದೆಯ ಲೇಪನವನ್ನೇ ಸವೆಸುತ್ತದೆ. ಈಗ ಇರುವುದು ಒಂದು ಗೆರೆ, ತಿಕ್ಕಿದ ಮೇಲೆ ಅಂಗೈಯಗಲ ಮಂಜು. ಮಾನಿಟರ್ ಆನ್ ಮಾಡಿ ಕೆಲಸಕ್ಕೆ ಕೂತಾಗ ಆ ಗೀರು ಕಾಣುತ್ತದಾ ನೋಡಿ. ಕಾಣದಿದ್ದರೆ ಹಾಗೇ ಬಿಡಿ.